ಸಾಕುಪ್ರಾಣಿ ಭಾವಚಿತ್ರದಲ್ಲಿ ಅಗಲ ಅಪರ್ಚರ್ ಮತ್ತು ಕಣ್ಣಿನ ಫೋಕಸ್

ಲೆನ್ಸಿನೊಳಗೆ ಬೆಳಕು ಹಾಯುವ ಕಂಡಿಯೇ ಅಪರ್ಚರ್. ಫೋಕಲ್ ಲೆಂತನ್ನು ಈ ಕಂಡಿಯ ವ್ಯಾಸದಿಂದ ಭಾಗಿಸಿದರೆ ಎಫ್ ಸಂಖ್ಯೆ ಸಿಗುತ್ತದೆ. ಹಾಗಾಗಿ ಸಂಖ್ಯೆ ಚಿಕ್ಕದಾದಷ್ಟೂ ಕಂಡಿ ದೊಡ್ಡದು. 50 ಮಿ.ಮೀ. ಲೆನ್ಸಿನಲ್ಲಿ ಎಫ್/8ಕ್ಕೆ ಕಂಡಿಯ ವ್ಯಾಸ ಸುಮಾರು 6 ಮಿ.ಮೀ., ಎಫ್/1.8ಕ್ಕೆ ಸುಮಾರು 28 ಮಿ.ಮೀ. ಕಂಡಿ ಅಗಲವಾದರೆ ಹೆಚ್ಚು ಬೆಳಕು ಒಳಬರುತ್ತದೆ, ಹಿನ್ನೆಲೆ ಮಸುಕಾಗುತ್ತದೆ, ಜೊತೆಗೆ ಸ್ಪಷ್ಟವಾಗಿ ಮೂಡುವ ಪದರವೂ ತೆಳುವಾಗುತ್ತದೆ. ನಾಯಿ, ಬೆಕ್ಕುಗಳ ಭಾವಚಿತ್ರ ತೆಗೆಯುವವರಿಗೆ ಮೊದಲ ಎರಡು ವರ, ಮೂರನೆಯದು ಸವಾಲು.

ಪಶ್ಚಿಮ ಬೆಂಗಳೂರಿನಲ್ಲಿ ಅಗಲ ಅಪರ್ಚರ್ ಬೇಕೆನಿಸಲು ಮನೆಗಳ ವಿನ್ಯಾಸವೇ ಕಾರಣ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ 30×40 ಅಡಿ ಸೈಟಿನ ಮನೆಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಸಾಕುನಾಯಿಯ ಪಾಲಿಗೆ ಸಿಗುವುದು ಕಾರು ನಿಲ್ಲಿಸುವ ಜಾಗ, ಮೆಟ್ಟಿಲ ಕೆಳಗಿನ ಮೂಲೆ, ಇಲ್ಲವೇ ಟೆರೇಸು. ಅದರ ಬೆನ್ನ ಹಿಂದೆ ಕಬ್ಬಿಣದ ಗ್ರಿಲ್, ಸ್ಕೂಟರು, ಒಣಗಿಹಾಕಿದ ಬಟ್ಟೆ. ಇದೆಲ್ಲ ಕರಗಿಹೋಗಲೆಂದು ಅನೇಕರು ದುಬಾರಿ ಲೆನ್ಸ್ ಕೊಳ್ಳುತ್ತಾರೆ. ಆದರೆ ಮಸುಕನ್ನು ನಿರ್ಧರಿಸುವುದು ಲೆನ್ಸ್ ಮಾತ್ರವಲ್ಲ, ನಾಯಿಗೂ ಗೋಡೆಗೂ ನಡುವಿನ ಅಂತರವೂ ಹೌದು. 85 ಮಿ.ಮೀ. ಲೆನ್ಸು, ನಾಯಿ ಒಂದೂವರೆ ಮೀಟರ್ ದೂರದಲ್ಲಿ ಎಂದುಕೊಳ್ಳಿ. ಗೋಡೆ ನಾಯಿಯಿಂದ ಅರ್ಧ ಮೀಟರ್ ಹಿಂದಿದ್ದಾಗ ಎಫ್/1.8 ಕೊಡುವ ಮಸುಕಿಗಿಂತ, ಗೋಡೆ ನಾಲ್ಕು ಮೀಟರ್ ಹಿಂದಿದ್ದಾಗ ಎಫ್/4 ಕೊಡುವ ಮಸುಕೇ ಹೆಚ್ಚು. ನಾಯಿಯನ್ನು ಗೇಟಿನ ಹತ್ತಿರ ಕೂರಿಸಿ, ಗೇಟು ತೆರೆದು, ಛಾಯಾಗ್ರಾಹಕರು ರಸ್ತೆಯಂಚಿಗೆ ಬಂದು ಕುಳಿತರೆ ಅಷ್ಟು ಅಂತರ ಖರ್ಚಿಲ್ಲದೆ ಸಿಗುತ್ತದೆ. ಕೊರಳಪಟ್ಟಿಯ ಹಗ್ಗವನ್ನು ಮನೆಯವರೊಬ್ಬರು ಹಿಡಿದಿರಬೇಕು. ವಾಹನ ಓಡಾಡುವ ಬೀದಿಯಲ್ಲಿ ಆ ಹಗ್ಗವನ್ನು ಎಂದೂ ಬಿಡುವಂತಿಲ್ಲ. ಕೆಂಗೇರಿ ಕಡೆ ಖಾಲಿ ಸೈಟುಗಳು ಉಳಿದಿರುವ ಬಡಾವಣೆಗಳಲ್ಲಿ ಜಾಗದ ತೊಂದರೆ ಅಷ್ಟಿಲ್ಲ.

ಸ್ಪಷ್ಟ ಪದರದ ತೆಳುವು ನಿಜವಾಗಿ ತಿಳಿಯುವುದು ಉದ್ದ ಮೂತಿಯ ನಾಯಿಯ ಮುಂದೆ. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿ ಇದಕ್ಕೆ ಒಳ್ಳೆಯ ಉದಾಹರಣೆ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ದೇಶಿ ನಾಯಿಗಳ ಅಂಚೆಚೀಟಿ ಹೊರತಂದಾಗ ಅದರಲ್ಲಿ ಈ ತಳಿಗೂ ಸ್ಥಾನ ಸಿಕ್ಕಿತು. ಅದರ ಕಣ್ಣಿನಿಂದ ಮೂಗಿನ ತುದಿಗೆ ಹೆಚ್ಚು ಕಡಿಮೆ ಒಂದು ಅಂಗೈಯಷ್ಟು ದೂರ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 85 ಮಿ.ಮೀ. ಲೆನ್ಸಿನಿಂದ ಒಂದೂವರೆ ಮೀಟರ್ ದೂರದಲ್ಲಿ ಎಫ್/1.8ಕ್ಕೆ ಸ್ಪಷ್ಟ ಪದರ ಸುಮಾರು 3.4 ಸೆಂ.ಮೀ.; ಎಫ್/4ಕ್ಕೆ ಸುಮಾರು 7.5, ಎಫ್/5.6ಕ್ಕೆ ಸುಮಾರು 10.5. ನಾಯಿ ನೇರವಾಗಿ ಕ್ಯಾಮೆರಾ ನೋಡುತ್ತಿದ್ದು ಕಣ್ಣೂ ಮೂಗೂ ಎರಡೂ ಬೇಕೆಂದರೆ ಎಫ್/5.6ಕ್ಕೆ ಇಳಿಯದೆ ದಾರಿಯಿಲ್ಲ. ಅದೇ ನಾಯಿ ಪಕ್ಕಕ್ಕೆ ಮುಖ ತಿರುಗಿಸಿದರೆ ಕಣ್ಣು, ಮೂಗು ಒಂದೇ ಪದರಕ್ಕೆ ಬರುತ್ತವೆ, ಎಫ್/1.8 ಧಾರಾಳ ಸಾಕು. ಮುಧೋಳದ ಅಂದ ಇರುವುದೂ ಆ ಪಕ್ಕನೋಟದಲ್ಲೇ. ಚಪ್ಪಟೆ ಮುಖದ ಪಗ್‌ಗೆ ಈ ಲೆಕ್ಕಾಚಾರ ಬಹುಮಟ್ಟಿಗೆ ಬೇಡ. ಎಲ್ಲವನ್ನೂ ಹಿಡಿಯಲಾಗದಿದ್ದರೆ ಮೂಗನ್ನು ಬಿಡಬಹುದು, ಕಣ್ಣನ್ನು ಬಿಡಬಾರದು. ಮೂಗು ಮಸುಕಾದ ಚಿತ್ರದಲ್ಲೂ ಮನೆಯವರು ತಮ್ಮ ನಾಯಿಯನ್ನು ಕಾಣುತ್ತಾರೆ; ಕಣ್ಣು ಮಸುಕಾದರೆ ಅದು ಯಾವುದೋ ನಾಯಿಯಾಗಿಬಿಡುತ್ತದೆ.

ಫೋಕಸ್ ತಪ್ಪಲು ಎರಡು ಕಾರಣ ಸಾಮಾನ್ಯ. ಮೊದಲನೆಯದು, ನಡುವಿನ ಬಿಂದುವಿನಿಂದ ಕಣ್ಣಿಗೆ ಫೋಕಸ್ ಮಾಡಿ, ಬಟನ್ ಅರ್ಧ ಒತ್ತಿಹಿಡಿದು, ಚೌಕಟ್ಟು ಸರಿಪಡಿಸಲು ಕ್ಯಾಮೆರಾ ತಿರುಗಿಸುವುದು. ಒಂದೂವರೆ ಮೀಟರ್ ದೂರದಲ್ಲಿ 10 ಡಿಗ್ರಿ ತಿರುಗಿಸಿದರೆ ಫೋಕಸ್ ಕಣ್ಣಿನಿಂದ 2 ಸೆಂ.ಮೀ.ಗಿಂತ ಹಿಂದೆ, ಕಿವಿಯ ಕಡೆಗೆ ಸರಿಯುತ್ತದೆ. ಎಫ್/1.8ರ ತೆಳು ಪದರದಲ್ಲಿ ಇಷ್ಟೇ ಸಾಕು, ಚಿತ್ರ ಕೆಡುತ್ತದೆ. ಬಿಂದುವನ್ನೇ ಕಣ್ಣಿನ ಮೇಲಕ್ಕೆ ಸರಿಸಿಕೊಳ್ಳುವುದು ಇದಕ್ಕೆ ಪರಿಹಾರ. ಎರಡನೆಯದು ನಾಯಿಯ ಉಸಿರಾಟ: ನಾಲಿಗೆ ಚಾಚಿ ತೇಕುವ ನಾಯಿಯ ತಲೆ ಒಂದು ಕ್ಷಣವೂ ನಿಲ್ಲುವುದಿಲ್ಲ. ನಿರಂತರ ಆಟೋಫೋಕಸ್ ಇಟ್ಟುಕೊಂಡು, ಕುಳಿತ ನಾಯಿಗೂ ಸೆಕೆಂಡಿನ 1/250 ಭಾಗಕ್ಕಿಂತ ನಿಧಾನವಾಗದ ಶಟರ್ ವೇಗದಲ್ಲಿ, ಒಂದೊಂದು ಭಂಗಿಗೆ ಹಲವು ಫ್ರೇಮ್ ತೆಗೆಯುವುದು ಒಳ್ಳೆಯದು. ಪ್ರಾಣಿಗಳ ಕಣ್ಣನ್ನು ತಾನೇ ಗುರುತಿಸುವ ಆಟೋಫೋಕಸ್ ಸೋನಿ ಕ್ಯಾಮೆರಾಗಳಿಗೆ 2019ರಲ್ಲಿ, ನಿಕಾನ್‌ನ ಝಡ್6, ಝಡ್7ಗಳಿಗೆ 2020ರಲ್ಲಿ ಬಂತು. ಈ ಸೌಲಭ್ಯ ದುಡಿಮೆಯನ್ನು ಬಹಳ ಹಗುರಗೊಳಿಸಿದೆ. ಆದರೂ ಕಪ್ಪು ನಾಯಿಯ ಕಪ್ಪು ಕಣ್ಣು ಅದಕ್ಕೆ ಕಷ್ಟ. ನಾಯಿಯನ್ನು ತೆರೆದ ಆಕಾಶದ ಕಡೆ ಮುಖ ಮಾಡಿಸಿದರೆ ಕಣ್ಣಲ್ಲಿ ಬೆಳಕಿನ ಚುಕ್ಕೆ ಮೂಡಿ, ಆಟೋಫೋಕಸ್‌ಗೆ ಹಿಡಿತ ಸಿಗುತ್ತದೆ, ಮುಖಕ್ಕೂ ಜೀವ ಬರುತ್ತದೆ.

ನೆತ್ತಿಯ ಬಿಸಿಲಲ್ಲಿ ಐಎಸ್ಒ 100ರಲ್ಲೂ ಎಫ್/1.8ಕ್ಕೆ ಸೆಕೆಂಡಿನ 1/8000 ಭಾಗದ ಶಟರ್ ವೇಗ ಬೇಕಾಗುತ್ತದೆ. 1/4000ಕ್ಕೇ ನಿಲ್ಲುವ ಕ್ಯಾಮೆರಾಗಳಲ್ಲಿ ಚಿತ್ರ ಬೆಳ್ಳಗೆ ಸುಟ್ಟುಹೋಗುತ್ತದೆ. ಅದೇ ಬಿಸಿಲಿಗೆ ಬೆಕ್ಕಿನ ಪಾಪೆ ಗೆರೆಯಷ್ಟು ಕಿರಿದಾಗಿ ನೋಟವೂ ಒರಟಾಗಿ ಕಾಣುತ್ತದೆ. ಬೆಳಗಿನ ಹೊತ್ತು, ಪೋರ್ಟಿಕೋದ ನೆರಳಿನಂಚು, ಮುಂಗಾರಿನ ಮೋಡದ ದಿನಗಳು ಅಗಲ ಅಪರ್ಚರ್‌ಗೆ ಹದ.

ಮೊಬೈಲ್ ಫೋನಿನ ಪೋರ್ಟ್ರೇಟ್ ಮೋಡ್ ಹಿನ್ನೆಲೆಯನ್ನು ಲೆಕ್ಕಾಚಾರದಿಂದ ಮಸುಕಾಗಿಸುತ್ತದೆ. ನಯವಾದ ಅಂಚುಗಳಿರುವೆಡೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಬೆಕ್ಕಿನ ಮೀಸೆ, ಪೊಮೆರೇನಿಯನ್‌ನ ಕಿವಿಯ ಕೂದಲು ಬಂದಾಗ ಮಾತ್ರ ಆಗಾಗ ತಪ್ಪಿ, ಮೀಸೆಯ ಅರ್ಧವನ್ನು ಹಿನ್ನೆಲೆಯ ಜೊತೆಗೇ ಒರೆಸಿಬಿಡುತ್ತದೆ.