ಖುಷ್ಕಿ ಹೊಲಕ್ಕೆ ತಲುಪದ ಮಾತು

ಅಮೆರಿಕ ಖಂಡದ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ, ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ. ಗುರುತಿಸಿದವರು ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು. ಪಕ್ಕದ ದಾವಣಗೆರೆಗೆ ಮೆಕ್ಕೆಜೋಳವೇ ಜೀವಾಳ. ಹುಳುವಿಗೆ ಮದ್ದೂ ಗೊತ್ತಾಯಿತು: 10 ಕೆ.ಜಿ. ತೌಡು, 2 ಕೆ.ಜಿ. ಬೆಲ್ಲವನ್ನು ನೀರಲ್ಲಿ ಕಲಸಿ ಒಂದು ದಿನ ಹುಳಿಯಲು ಬಿಡಬೇಕು. ಹಾಕುವ ಅರ್ಧ ಗಂಟೆ ಮೊದಲು 100 ಗ್ರಾಂ ಥಯೋಡಿಕಾರ್ಬ್ ಕೀಟನಾಶಕ ಬೆರೆಸಿ ಸುಳಿಗೆ ಉದುರಿಸಬೇಕು. ಆದರೆ ಈ ಮಾತು ದಾವಣಗೆರೆ ಜಿಲ್ಲೆಯ ಜಗಳೂರಿನ ಎರಡೆಕರೆ ಖುಷ್ಕಿ ರೈತನನ್ನು ಮುಟ್ಟುವ ದಾರಿ ಯಾವುದು?

ಆ ದಾರಿ ಹಾಕುವ ಪ್ರಯತ್ನಕ್ಕೆ ಏಳು ದಶಕಗಳಾದವು. 1952ರ ಸಮುದಾಯ ಅಭಿವೃದ್ಧಿ ಯೋಜನೆಯಲ್ಲಿ ಗ್ರಾಮಸೇವಕರು ಬಂದರು. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿ ಕೃಷಿಯ ಮಾತನ್ನು ಮನೆಯೊಳಗೆ ತಂದಿತು. ಅಕ್ಷರ ಬಾರದವರಿಗೂ ಅದು ದಕ್ಕಿತು. ಎಪ್ಪತ್ತರ ದಶಕದ ಕೊನೆಗೆ ವಿಶ್ವಬ್ಯಾಂಕ್ ಬೆಂಬಲದ ‘ತರಬೇತಿ ಮತ್ತು ಭೇಟಿ’ ಪದ್ಧತಿ ಬಂತು. ಊರಿಗೆ ಕೆಲವು ‘ಸಂಪರ್ಕ ರೈತ’ರನ್ನು ಆರಿಸಿ ಕಲಿಸಿದರೆ ಉಳಿದವರಿಗೆ ಅವರೇ ಹೇಳುತ್ತಾರೆಂಬ ನಂಬಿಕೆ ಅದರದು. ಆರಿಸಿದ್ದು ಬಹುಪಾಲು ನೀರು, ನೆಲ ಉಳ್ಳವರನ್ನೇ. ಕೂಲಿಯವರ ಕೇರಿಗೆ ಅವರು ಹೋಗಿ ಹೇಳುವುದು ಹೇಗೆ? ಕ್ಷೇತ್ರ ತಜ್ಞರ ಓಡಾಟ ಡಾಂಬರು ರಸ್ತೆಯ ಆಚೆ ಹೋಗುವುದಿಲ್ಲವೆಂದು ಗ್ರಾಮೀಣಾಭಿವೃದ್ಧಿ ಚಿಂತಕ ರಾಬರ್ಟ್ ಚೇಂಬರ್ಸ್ 1983ರಲ್ಲಿ ಬರೆದದ್ದು ನಮ್ಮ ಹೋಬಳಿಗಳಿಗೂ ಸಲ್ಲುತ್ತದೆ.

ಮುಂದೆ ರೈತ ಸಂಪರ್ಕ ಕೇಂದ್ರ, ಕೃಷಿ ವಿಜ್ಞಾನ ಕೇಂದ್ರ, 2004ರಲ್ಲಿ ಕಿಸಾನ್ ಕಾಲ್ ಸೆಂಟರ್ ಬಂದವು. ಆದರೂ 2013ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಕೃಷಿ ಕುಟುಂಬಗಳಲ್ಲಿ ತಾಂತ್ರಿಕ ಸಲಹೆ ಸಿಕ್ಕಿದ್ದು ಶೇ. 41ರಷ್ಟಕ್ಕೆ ಮಾತ್ರ. ಉಳಿದವರ ಪಾಲಿಗೆ ಗೊಬ್ಬರದಂಗಡಿಯೇ ಗತಿ. ಬೀಜ, ಔಷಧಿಯನ್ನು ಉದ್ರಿ ಕೊಡುವವನೇ ಸಲಹೆಯನ್ನೂ ಕೊಟ್ಟಾಗ, ಯಾವ ಔಷಧಿ ಬೇಡ ಎಂಬ ಮಾತು ಯಾರ ಬಾಯಿಂದಲೂ ಬರುವುದಿಲ್ಲ. ಬಡತನ ಅಲ್ಲಿ ಸಾಲವಾಗಿ ಬೆಳೆಯುತ್ತದೆ.

ಅದೇ ಜಿಲ್ಲೆಯ ಚನ್ನಗಿರಿಯ ಅಡಿಕೆ ಬೆಳೆಗಾರರ ಸ್ಥಿತಿ ಬೇರೆ. ಅವರಿಗೆ ತುಮ್ಕೋಸ್‌ನಂಥ ಸಹಕಾರ ಸಂಘವಿದೆ, ದಿನದ ಧಾರಣೆ ಕೈಗೆಟುಕುತ್ತದೆ. ದೂರದ ಪುತ್ತೂರಿನಿಂದ 1988ರಲ್ಲಿ ಹೊರಟ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಕೃಷಿಯ ಮಾತು ತಲುಪಿಸುವ ಕೆಲಸದಲ್ಲಿ ಕರ್ನಾಟಕ ಕಂಡ ದೊಡ್ಡ ಹೊರಳು ಅದೇ ಎಂದು ನನಗನಿಸುತ್ತದೆ: ಕೇಳಿಸಿಕೊಳ್ಳುತ್ತಿದ್ದವರೇ ಹೇಳುವವರಾದರು. ಅದರ ಮರುವರ್ಷ ಇಂಡೊನೇಷ್ಯಾದ ಭತ್ತದ ಗದ್ದೆಗಳಲ್ಲಿ ರೈತರ ಕ್ಷೇತ್ರ ಪಾಠಶಾಲೆ ಶುರುವಾಯಿತು. ಅಲ್ಲೂ ಅದೇ ದಾರಿ. ಹುಳುವನ್ನು ರೈತರೇ ಎಣಿಸಿ ತೀರ್ಮಾನಿಸುತ್ತಿದ್ದರು. ಮೆಕ್ಕೆಜೋಳದ ಸಣ್ಣ ರೈತರಿಗೆ ಅಂಥ ಬಲವಾದ ಸಂಘವೂ ಇಲ್ಲ, ಪತ್ರಿಕೆಯೂ ಇಲ್ಲ.

ಈಗ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳಾಗಿವೆ. ಹೆಂಗಸರ ಸಂಜೀವಿನಿ ಸ್ವಸಹಾಯ ಸಂಘಗಳಿಂದ ಬೆಳೆ, ಜಾನುವಾರಿನ ಸಲಹೆ ಹೇಳುವ ಕೃಷಿ ಸಖಿ, ಪಶು ಸಖಿಯರು ಬಂದಿದ್ದಾರೆ. ನನ್ನ ಭರವಸೆ ಇವರ ಮೇಲೆ. ಕುರಿಗೆ ಲಸಿಕೆ ಯಾವಾಗ ಎಂದು ಕೇಳಲು ಭೂಮಿಯಿಲ್ಲದ ಹೆಂಗಸು ಪಶು ಸಖಿಯ ಮನೆಗೆ ಹಿಂಜರಿಯದೆ ಹೋಗಬಲ್ಲಳು. ಈಚೆಗೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದ ನ್ಯಾಮತಿಯಲ್ಲೂ, ಜಗಳೂರಿನಲ್ಲೂ ಆಗಬೇಕಾದ ಕೆಲಸ ಸ್ಪಷ್ಟವಿದೆ. ಸಖಿಯರಿಗೆ ತಿಂಗಳು ತಪ್ಪದೆ ಗೌರವಧನ ಸಿಗಲಿ. ಕೂಲಿ ಮುಗಿಸಿ ಬರುವ ಹೊತ್ತಿಗೆ ಅರಿವು ಕೇಂದ್ರದ ಬಾಗಿಲು ತೆರೆದಿರಲಿ, ಅದರ ಗೋಡೆಯ ಮೇಲೆ ಆ ದಿನದ ಮೆಕ್ಕೆಜೋಳದ ಧಾರಣೆ ಬರೆದಿರಲಿ.