ಏಟ್ರಿಯಲ್ ಫಿಬ್ರಿಲೇಷನ್: ಮೇಜ್ ಶಸ್ತ್ರಚಿಕಿತ್ಸೆಯ ದೀರ್ಘಕಾಲೀನ ಫಲಿತಾಂಶಗಳು

ಹೃದಯದ ಮೇಲಿನ ಕೋಣೆಗಳಾದ ಹೃತ್ಕರ್ಣಗಳು ಲಯ ತಪ್ಪಿ ಅದುರುವ ಕಾಯಿಲೆಯೇ ಏಟ್ರಿಯಲ್ ಫಿಬ್ರಿಲೇಷನ್. ಶಸ್ತ್ರಚಿಕಿತ್ಸೆಯಿಂದ ಇದನ್ನು ಗುಣಪಡಿಸಲು ಹೊರಟ ಚರಿತ್ರೆಯನ್ನು ಹೆಚ್ಚಿನ ಗ್ರಂಥಗಳು ಮೂರು ಇಸವಿಗಳಲ್ಲಿ ಮುಗಿಸುತ್ತವೆ. 1987ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಬಾರ್ನ್ಸ್ ಆಸ್ಪತ್ರೆಯಲ್ಲಿ ಜೇಮ್ಸ್ ಕಾಕ್ಸ್ ಮೊದಲ ಮೇಜ್ (ಚಕ್ರವ್ಯೂಹ) ಶಸ್ತ್ರಚಿಕಿತ್ಸೆ ಮಾಡಿದರು. 1992ರ ಹೊತ್ತಿಗೆ ಅದರ ಮೂರನೆಯ ರೂಪ ಸಿದ್ಧವಾಯಿತು. 2002ರಲ್ಲಿ ರಾಲ್ಫ್ ಡಾಮಿಯಾನೊ ನಾಲ್ಕನೆಯದನ್ನು ತಂದರು. ತತ್ತ್ವ ಮಾತ್ರ ಬದಲಾಗಲಿಲ್ಲ. ಹೃತ್ಕರ್ಣದ ಗೋಡೆಯನ್ನು ಗೊತ್ತಾದ ಗೆರೆಗಳಲ್ಲಿ ಕೊಯ್ದು ಹೊಲಿದರೆ ಮಾಯ್ದ ಗಾಯ ಕಲೆಗಟ್ಟುತ್ತದೆ, ಕಲೆಗಟ್ಟಿದ ಅಂಗಾಂಶ ವಿದ್ಯುತ್ತನ್ನು ಹಾಯಗೊಡುವುದಿಲ್ಲ. ಕಂಪನಕ್ಕೆ ಕಾರಣವಾಗಿ ಸುತ್ತುವ ವಿದ್ಯುತ್ ಅಲೆಗಳಿಗೆ ದಾರಿ ಮುಚ್ಚಿಹೋಗಿ, ಸಹಜ ಲಯದ ಮೂಲವಾದ ಸೈನಸ್ ಗಂಟಿನಿಂದ ಹೊರಟ ಸಂಕೇತವೊಂದೇ ಮುಂದೆ ಸಾಗುತ್ತದೆ. ಮೊದಲ ರೂಪದಲ್ಲಿ ಶ್ರಮಪಟ್ಟಾಗಲೂ ಬಡಿತ ಏರದ ತೊಂದರೆಯಿತ್ತು. ಗೆರೆಗಳ ಜಾಗ ಬದಲಿಸಿ ಅದನ್ನು ನೀಗಿಸಲಾಯಿತು. ನಾಲ್ಕನೆಯ ರೂಪದಲ್ಲಿ ಕತ್ತರಿಯ ಕೆಲಸದ ಬಹುಪಾಲನ್ನು ರೇಡಿಯೋ ತರಂಗದ ಶಾಖವೂ ಅತಿಶೀತವೂ ವಹಿಸಿಕೊಂಡವು.

ಗೊಂದಲವಿರುವುದು ಫಲಿತಾಂಶದ ಅಂಕಿಗಳಲ್ಲಿ. ಮೂರನೆಯ ರೂಪದ 198 ರೋಗಿಗಳ ಬಗ್ಗೆ 2003ರಲ್ಲಿ ಬಂದ ವರದಿಯ ಪ್ರಕಾರ, ಸರಾಸರಿ 5.4 ವರ್ಷದ ನಂತರ ಶೇ 95ಕ್ಕೂ ಹೆಚ್ಚು ಮಂದಿಗೆ ಕಾಯಿಲೆ ಮರುಕಳಿಸಿರಲಿಲ್ಲ. ನಾಲ್ಕನೆಯ ರೂಪದ 853 ರೋಗಿಗಳ 2022ರ ವರದಿಯಲ್ಲಿ ಈ ಪ್ರಮಾಣ ಒಂದು ವರ್ಷಕ್ಕೆ ಶೇ 92, ಐದು ವರ್ಷಕ್ಕೆ ಶೇ 84, ಹತ್ತು ವರ್ಷಕ್ಕೆ ಶೇ 77. ಎರಡನ್ನೂ ಒಂದೇ ಸಾಲಿನಲ್ಲಿಟ್ಟು ಓದಿದವರು ಚಿಕಿತ್ಸೆಯೇ ಕಳೆಗುಂದಿತು ಎಂದುಕೊಳ್ಳುವುದುಂಟು. ಆದರೆ ನಡುವೆ, 2007ರಲ್ಲಿ, ಅಳತೆಗೋಲೇ ಬದಲಾಗಿತ್ತು. ಅದಕ್ಕೆ ಮುಂಚೆ ರೋಗಿಯ ಹೇಳಿಕೆ, ಆಗೊಮ್ಮೆ ಈಗೊಮ್ಮೆ ತೆಗೆದ ಇಸಿಜಿ ಇವೇ ಆಧಾರ. ಕಂಪನ ಅನುಭವಕ್ಕೆ ಬಾರದೆಯೂ ಬಂದು ಹೋಗುವುದರಿಂದ ಲೆಕ್ಕದಿಂದ ಜಾರಿದ್ದೇ ಹೆಚ್ಚಿರಬೇಕು. ಆ ವರ್ಷ ಹೃದಯಲಯ ತಜ್ಞರ ಸಂಘಗಳು ಒಮ್ಮತದಿಂದ ಹೊರಡಿಸಿದ ನಿಯಮದಂತೆ, ಚಿಕಿತ್ಸೆಯ ನಂತರದ ಮೊದಲ ಮೂರು ತಿಂಗಳು ಕಳೆದ ಮೇಲೆ 30 ಸೆಕೆಂಡಾದರೂ ಉಳಿದ ಯಾವುದೇ ಕಂಪನವೂ ವೈಫಲ್ಯವೆಂದೇ ಲೆಕ್ಕವಾಯಿತು. ಈ ಚರಿತ್ರೆಯ ನಿಜವಾದ ತಿರುವು ಈ ಆಡಳಿತಾತ್ಮಕ ನಿಯಮವೇ, ಹೊಸ ಉಪಕರಣವಲ್ಲ. ಹತ್ತು ವರ್ಷದ ಶೇ 77 ಕೂಡ ಎಚ್ಚರದಿಂದ ಓದಬೇಕಾದ ಅಂಕಿ: 853 ಮಂದಿಯಲ್ಲಿ ಆ ಹಂತದಲ್ಲಿ ತಪಾಸಣೆಗೆ ಸಿಕ್ಕವರು 87 ಜನ, ಲಯ ಉಳಿಸಿಕೊಂಡವರು 67.

ಕತ್ತರಿಸಿ ಹೊಲಿದ ಗೆರೆ ಗೋಡೆಯ ಪೂರ್ಣ ದಪ್ಪಕ್ಕೂ ಇಳಿಯುತ್ತದೆ, ಶಾಖದ ಗೆರೆಯಲ್ಲಿ ಆ ಖಾತ್ರಿಯಿಲ್ಲ, ಹಾಗಾಗಿ ಇಳಿಕೆ ನಿಜವೇ ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿಲ್ಲದಿಲ್ಲ. ಆದರೂ 2007ರಲ್ಲಿ ಸೇಂಟ್ ಲೂಯಿಸ್ ತಂಡ ಮೂರನೆಯ, ನಾಲ್ಕನೆಯ ರೂಪಗಳ ರೋಗಿಗಳನ್ನು ಸರಿಜೋಡಿ ಮಾಡಿ ಹೋಲಿಸಿದಾಗ ಒಂದು ವರ್ಷದ ಫಲಿತಾಂಶದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕಟ್ಟುನಿಟ್ಟಿನ ಅಳತೆ ಏನು ಮಾಡಬಲ್ಲದು ಎಂಬುದನ್ನು ಮೈಟ್ರಲ್ ಕವಾಟದ ಶಸ್ತ್ರಚಿಕಿತ್ಸೆಗೆ ಬಂದ 260 ರೋಗಿಗಳ 2015ರ ಪ್ರಯೋಗ ತೋರಿಸಿತು. ಆರು ಮತ್ತು ಹನ್ನೆರಡನೆಯ ತಿಂಗಳಲ್ಲಿ ಮೂರು ದಿನ ಹೋಲ್ಟರ್ ಎಂಬ ಸತತ ಇಸಿಜಿ ಉಪಕರಣ ಕಟ್ಟಿ ನೋಡಿದರೆ, ಅಬ್ಲೇಷನ್ (ಶಾಖ ಅಥವಾ ಶೀತದಿಂದ ಇಂಥ ಗೆರೆ ಎಳೆಯುವ ಚಿಕಿತ್ಸೆ) ಆದವರಲ್ಲಿ ಶೇ 63.2, ಆಗದವರಲ್ಲಿ ಶೇ 29.4 ಮಂದಿ ಎರಡೂ ಬಾರಿ ಕಂಪನಮುಕ್ತರು. ಕಂಪನಮುಕ್ತರ ಪ್ರಮಾಣ ದುಪ್ಪಟ್ಟಾದರೂ ಅದು ಶೇ 95ರ ಹತ್ತಿರ ಸುಳಿಯಲಿಲ್ಲ. ಪೇಸ್‌ಮೇಕರ್ ಬೇಕಾದವರ ಪ್ರಮಾಣವೂ ಎರಡು ಪಟ್ಟು ಮೀರಿತು. ಕಾಯಿಲೆ ಬೇರೂರಿದ ಕವಾಟ ರೋಗಿಗಳೇ ಅಲ್ಲಿದ್ದರು ಎಂಬುದನ್ನೂ ಹೇಳಬೇಕು.

ಲಯ ಮರಳಿದರೆ ಪಾರ್ಶ್ವವಾಯು ತಪ್ಪುವುದೇ ಎಂಬ ಪ್ರಶ್ನೆ ಇನ್ನೂ ತೊಡಕಿನದು. ಮೇಜ್ ಆದವರಲ್ಲಿ ಪಾರ್ಶ್ವವಾಯು ಅಪರೂಪವೆಂದು ಹಳೆಯ ವರದಿಗಳು ಹೇಳುತ್ತಿದ್ದವು. ಆದರೆ ಅದೇ ಶಸ್ತ್ರಚಿಕಿತ್ಸೆಯಲ್ಲಿ, ರಕ್ತ ಹೆಪ್ಪುಗಟ್ಟುವ ಮುಖ್ಯ ತಾಣವಾದ ಎಡ ಹೃತ್ಕರ್ಣದ ಕಿರುಚೀಲವನ್ನೂ ತೆಗೆಯಲಾಗುತ್ತಿತ್ತು. 2021ರಲ್ಲಿ ಪ್ರಕಟವಾದ ಲಾಸ್-3 ಪ್ರಯೋಗ ಆ ಕಿರುಚೀಲವೊಂದನ್ನೇ ಪರೀಕ್ಷೆಗೆ ಒಡ್ಡಿತು: ಅದನ್ನು ಮುಚ್ಚಿದವರಲ್ಲಿ ಪಾರ್ಶ್ವವಾಯು ಇಲ್ಲವೇ ದೇಹದ ಬೇರೆಡೆ ಹೆಪ್ಪು ಸಿಲುಕಿದ ಪ್ರಕರಣ ಶೇ 4.8, ಮುಚ್ಚದವರಲ್ಲಿ ಶೇ 7.0. ಹೀಗಿರುವಾಗ ಹಳೆಯ ಶ್ರೇಯಸ್ಸನ್ನೆಲ್ಲ ಮೇಜ್ ಗೆರೆಗಳಿಗೇ ಸಲ್ಲಿಸುವುದು ಕಷ್ಟ. 22 ಪ್ರಯೋಗಗಳ 1,899 ರೋಗಿಗಳನ್ನು ಒಟ್ಟುಗೂಡಿಸಿದ 2016ರ ಕಾಕ್ರೇನ್ ವಿಮರ್ಶೆಯೂ ಅಬ್ಲೇಷನ್‌ನಿಂದ ಕಂಪನಮುಕ್ತರ ಪ್ರಮಾಣ ಇಮ್ಮಡಿಯಾಗುತ್ತದೆ ಎಂದಿತು. ಆದರೆ ಸಾವಿನ ಪ್ರಮಾಣದಲ್ಲಿ ಸ್ಪಷ್ಟ ವ್ಯತ್ಯಾಸ ಅದಕ್ಕೆ ಸಿಗಲಿಲ್ಲ.