ಆರು ತಂತಿಯ ಗಿಟಾರಿಗೆ ಇನ್ನೆರಡು ತಂತಿ ಕಟ್ಟಿದರೆ ಎಂಟು ತಂತಿಯ ಗಿಟಾರ್ ಆಗುತ್ತದೆಯೇ?

ಒಬ್ಬರೇ ಕೂತು ಎರಡೂ ಕೈಗಳ ಬೆರಳುಗಳಿಂದ ಗಿಟಾರಿನ ಕತ್ತಿನ ಮೇಲೆ ತಟ್ಟುತ್ತಾರೆ. ಮಂದ್ರದ ಸ್ವರವೂ ಮೇಲಿನ ರಾಗವೂ ಒಟ್ಟಿಗೆ ಕೇಳುತ್ತವೆ. ಇದನ್ನು ಟ್ಯಾಪಿಂಗ್ ಎನ್ನುತ್ತಾರೆ. ಇಂಥ ವಿಡಿಯೊ ವಾಟ್ಸ್‌ಆ್ಯಪ್‌ಗೆ ಬಂದಾಗ ಜತೆಗೊಂದು ಸಲಹೆಯೂ ಬರುವುದುಂಟು: ‘ಹಳೆ ಗಿಟಾರಿಗೆ ಎರಡು ಕೀ ಹೆಚ್ಚಿಗೆ ಕೂರಿಸಿದರೆ ಸಾಕು, ಊರಿನ ಬಡಿಗರೇ ಮಾಡಿಕೊಡುತ್ತಾರೆ.’ ಆಳಂದ, ಅಫಜಲಪುರ, ಜೇವರ್ಗಿಯಂಥ ಕಡೆ ಎಂಟು ತಂತಿಯ ಗಿಟಾರನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶ ಸುಲಭವಾಗಿ ಸಿಗದು. ಹಾಗಾಗಿ ಮೊಬೈಲ್ ಹೇಳಿದ್ದೇ ನಿಜ ಎನಿಸುತ್ತದೆ. ಮನೆಯಲ್ಲಿರುವ ಒಂದೇ ಗಿಟಾರಿಗೆ ತೂತು ಕೊರೆಯುವ ಮುನ್ನ, ಇಲ್ಲವೇ ದೂರದ ಊರಿಗೆ ಮುಂಗಡ ಕಳಿಸುವ ಮುನ್ನ ಇದನ್ನು ಓದಿ.

ಮೊದಲೇ ಹೇಳಿಬಿಡುತ್ತೇವೆ: ಆ ಸಲಹೆ ತಪ್ಪು.

ಏಕತಾರಿ ಕಲಿಸುವ ಲೆಕ್ಕ

ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಏಕತಾರಿ ಹಿಡಿದು ಹಾಡುವ ಸೀಮೆ ಇದು. ಏಕತಾರಿಯ ಕುಂಟಿ ತಿರುವಿದರೆ ತಂತಿ ಬಿಗಿಯಾಗಿ ಶ್ರುತಿ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಬಿಗಿತದ ಜತೆಗೆ ತಂತಿಯ ಉದ್ದ, ತೂಕ ಸೇರಿದರೆ ಲೆಕ್ಕ ಮುಗಿಯಿತು. ಗಿಟಾರಿಗೂ ಇದೇ ನಿಯಮ.

ಸಾಮಾನ್ಯ ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿಯ ಮಿಡಿಯುವ ಭಾಗದ ಉದ್ದ ಸುಮಾರು 648 ಮಿ.ಮೀ. ಅತ್ಯಂತ ದಪ್ಪ ತಂತಿಯ ಶ್ರುತಿ 82 ಹರ್ಟ್ಜ್, ಅದರ ಬಿಗಿತ ಸುಮಾರು 8 ಕೆ.ಜಿ. ಎಂಟು ತಂತಿಯ ಗಿಟಾರಿನ ಕೊನೆಯ ತಂತಿಯನ್ನು ಸಾಮಾನ್ಯವಾಗಿ 46 ಹರ್ಟ್ಜ್‌ಗೆ ಇಳಿಸುತ್ತಾರೆ. ಅದೇ ತಂತಿಯನ್ನು ಅದೇ ಉದ್ದದಲ್ಲಿ ಅಷ್ಟು ಇಳಿಸಿದರೆ ಬಿಗಿತ ಎರಡೂವರೆ ಕೆ.ಜಿ.ಗೆ ಬೀಳುತ್ತದೆ. ತಂತಿ ಜೋತುಬೀಳುತ್ತದೆ, ಫ್ರೆಟ್‌ಗೆ ತಾಗಿ ಗರಗರ ಎನ್ನುತ್ತದೆ. ಆದ್ದರಿಂದಲೇ ಇಂಥ ಗಿಟಾರಿಗೆ ದಪ್ಪ ತಂತಿಯೂ ಬೇಕು, ಉದ್ದದ ಕತ್ತೂ ಬೇಕು. 648ರ ಬದಲು 686 ಮಿ.ಮೀ. ಮಾಡಿದರೆ ಅದೇ ತಂತಿಗೆ ಅದೇ ಶ್ರುತಿಯಲ್ಲಿ ಶೇ 12ರಷ್ಟು ಹೆಚ್ಚು ಬಿಗಿತ ಸಿಗುತ್ತದೆ.

ಆದರೆ ಅದೇ ಉದ್ದ ತೆಳು ತಂತಿಗೆ ಹೆಚ್ಚಾಗಿ, ಅದು ಬೇಗ ತುಂಡಾಗಬಹುದು. ಇದಕ್ಕೆ ಪರಿಹಾರ ಓರೆ ಫ್ರೆಟ್: ದಪ್ಪ ತಂತಿಯ ಕಡೆ ಉದ್ದ, ತೆಳು ತಂತಿಯ ಕಡೆ ಗಿಡ್ಡ, ಬೀಸಣಿಗೆಯ ಕಡ್ಡಿಗಳಂತೆ ಹರಡಿದ ಫ್ರೆಟ್‌ಗಳು. ಅಮೆರಿಕದ ರಾಲ್ಫ್ ನೊವಾಕ್ 1989ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಉಪಾಯ ಮಾತ್ರ ಯುರೋಪಿನ ಹಳೆಯ ವಾದ್ಯಗಳಲ್ಲೇ ಇತ್ತು.

ಇನ್ನು ಜಾಗದ ಪ್ರಶ್ನೆ. ಕತ್ತಿನ ತುದಿಯ ಅಗಲ ಸುಮಾರು 43 ಮಿ.ಮೀ. ಅಂಚು ಬಿಟ್ಟರೆ ಆರು ತಂತಿಗಳ ನಡುವೆ ಏಳು ಮಿ.ಮೀ.ಗಿಂತ ತುಸು ಹೆಚ್ಚು ಸಿಗುತ್ತದೆ. ಅಲ್ಲೇ ಎಂಟು ತುರುಕಿದರೆ ಐದು ಮಿ.ಮೀ. ಚಿಲ್ಲರೆ. ಒಂದು ತಂತಿ ಒತ್ತಿದರೆ ಬೆರಳು ಪಕ್ಕದ್ದಕ್ಕೂ ತಾಗುತ್ತದೆ. ಆರು ತಂತಿಗಳೇ ಕತ್ತನ್ನು ಸುಮಾರು 45 ಕೆ.ಜಿ. ಬಲದಿಂದ ಎಳೆಯುತ್ತಿರುತ್ತವೆ, ಇನ್ನೆರಡು ಸೇರಿದರೆ ಮತ್ತೆ 15 ಕೆ.ಜಿ. ಆ ಕತ್ತನ್ನು ಇಷ್ಟು ಎಳೆತಕ್ಕೆ ಮಾಡಿದ್ದಲ್ಲ.

ಟ್ಯಾಪಿಂಗ್ ಬೇರೆ, ಫಿಂಗರ್‌ಸ್ಟೈಲ್ ಬೇರೆ

ಟ್ಯಾಪಿಂಗ್‌ನಲ್ಲಿ ಮೀಟುವುದಿಲ್ಲ. ಬೆರಳು ತಂತಿಯನ್ನು ಫ್ರೆಟ್‌ಗೆ ಬಡಿದಾಗಲೇ ಸ್ವರ ಹುಟ್ಟುತ್ತದೆ. ಅದಕ್ಕೆ ತಂತಿ ಫ್ರೆಟ್‌ಗೆ ತೀರಾ ಹತ್ತಿರ ಇರಬೇಕು. ಫಿಂಗರ್‌ಸ್ಟೈಲ್‌ನಲ್ಲಿ ಬೆರಳು ತಂತಿಯನ್ನು ಎಳೆದು ಬಿಡುವುದರಿಂದ ತುಸು ಎತ್ತರ, ತಂತಿಗಳ ನಡುವೆ ಧಾರಾಳ ಜಾಗ ಬೇಕು. ಎರಡೂ ಒಂದೇ ವಾದ್ಯದಲ್ಲಿ ಬೇಕೆಂದರೆ ಎಲ್ಲೋ ಒಂದು ಕಡೆ ರಾಜಿಯಾಗಲೇಬೇಕು. ‘ಎರಡಕ್ಕೂ ಪರ್ಫೆಕ್ಟ್’ ಎಂದು ಮಾರುವವರ ಮಾತನ್ನು ನಾವಂತೂ ಪೂರ್ತಿ ನಂಬುವುದಿಲ್ಲ. ನಮ್ಮ ವಿಶ್ವಮೋಹನ ಭಟ್ಟರ ಮೋಹನವೀಣೆಯೂ ಗಿಟಾರಿನಿಂದಲೇ ಹುಟ್ಟಿದ್ದು, ಅದಕ್ಕೆ 20 ತಂತಿ. ಆದರೆ ಅದನ್ನು ಸರಳು ಜಾರಿಸಿ ನುಡಿಸುವುದರಿಂದ ತಂತಿಗಳು ಎತ್ತರದಲ್ಲಿರುತ್ತವೆ, ಟ್ಯಾಪಿಂಗ್‌ಗೆ ತದ್ವಿರುದ್ಧ.

ಎರಡೂ ಕೈಯಿಂದ ತಟ್ಟುವ ಕ್ರಮಕ್ಕಾಗಿಯೇ ವಾದ್ಯ ಕಟ್ಟಿದವರು ಅಮೆರಿಕದ ಎಮೆಟ್ ಚಾಪ್‌ಮನ್. 1969ರಲ್ಲಿ ಮನೆಯಲ್ಲೇ ತಯಾರಿಸಿದ್ದ ಒಂಬತ್ತು ತಂತಿಯ ಗಿಟಾರಿನ ಮೇಲೆ ಈ ಕ್ರಮ ರೂಢಿಸಿಕೊಂಡರು. ಅವರ ‘ಚಾಪ್‌ಮನ್ ಸ್ಟಿಕ್’ ಮಾರುಕಟ್ಟೆಗೆ ಬಂದದ್ದು 1974ರಲ್ಲಿ. ಇನ್ನೊಬ್ಬರು ಸ್ಟಾನ್ಲಿ ಜೋರ್ಡನ್. ಅವರು ಆರೇ ತಂತಿಯ ಗಿಟಾರಿನಲ್ಲಿ ಟ್ಯಾಪಿಂಗ್ ಮಾಡಿ ಹೆಸರಾದವರು. ಮಾಮೂಲಿ ಶ್ರುತಿಯಲ್ಲಿ ತಂತಿಯಿಂದ ತಂತಿಗೆ ಸ–ಮ ಅಂತರ, ಒಂದು ಕಡೆ ಮಾತ್ರ ಸ–ಗ. ಜೋರ್ಡನ್ ಎಲ್ಲವನ್ನೂ ಸ–ಮ ಮಾಡಿಕೊಂಡರು. ಆಗ ಬೆರಳ ವಿನ್ಯಾಸ ಎಲ್ಲ ತಂತಿಗಳ ಮೇಲೂ ಒಂದೇ. ಇದನ್ನು ಇವತ್ತೇ, ಖರ್ಚಿಲ್ಲದೆ, ನಿಮ್ಮ ಗಿಟಾರಿನಲ್ಲೇ ಮಾಡಿ ನೋಡಬಹುದು: ತೆಳುವಾದ ಎರಡು ತಂತಿಗಳನ್ನು ಅರ್ಧರ್ಧ ಸ್ವರ ಏರಿಸಿದರಾಯಿತು.

ಹಾಗಾದರೆ ಮೊಬೈಲ್‌ನಲ್ಲಿ ಕೇಳಿದ್ದು?

ಮೊಬೈಲ್‌ನ ಪುಟ್ಟ ಸ್ಪೀಕರಿನಿಂದ 46 ಹರ್ಟ್ಜ್ ಹೊರಡುವುದೇ ಇಲ್ಲ. ಹೊರಡುವುದು ಅದರ ಅನುರಣನಗಳು, ಅಂದರೆ ಎರಡು, ಮೂರು, ನಾಲ್ಕು ಪಟ್ಟಿನ ಕಂಪನಗಳಲ್ಲಿ ಮೇಲಿನವು ಮಾತ್ರ. ಅವುಗಳನ್ನು ಕೇಳಿ ಮೂಲ ಸ್ವರವನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಹಾಗಾಗಿ ವಿಡಿಯೊ ನೋಡಿ ಮಂದ್ರದ ಗುಣ ಅಳೆಯಬೇಡಿ, ಒಳ್ಳೆಯ ಇಯರ್‌ಫೋನ್ ಹಾಕಿ ಕೇಳಿ. ಚಿಕ್ಕ ಗಿಟಾರ್ ಆ್ಯಂಪ್‌ನಲ್ಲೂ ಇದೇ ಪಾಡು.

ಮರದ ವಿಷಯ. ಭೀಮೆಯ ಮೇಲ್ದಂಡೆಯ ಪಂಢರಪುರ–ಮಂಗಳವೇಢೆ ಕಡೆಯ ಸೋರೆಬುರುಡೆಗಳು ಮಿರಜದ ತಂಬೂರಿ, ಸಿತಾರ್‌ಗಳಿಗೆ ಹೋಗುತ್ತವೆ. ಆ ಎರಡಕ್ಕೂ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಅಲ್ಲಿ ಬುರುಡೆಯನ್ನು ಚೆನ್ನಾಗಿ ಒಣಗಿಸದೆ ವಾದ್ಯಕ್ಕೆ ಕೂರಿಸುವುದಿಲ್ಲ. ಗಿಟಾರಿನ ಮರಕ್ಕೂ ಅದೇ ಮಾತು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿ ಬಿಸಿಲಿನ ಒಣಹವೆಗೆ ಹಸಿ ಮರ ಕುಗ್ಗುತ್ತದೆ, ಫ್ರೆಟ್‌ಗಳ ತುದಿ ಹೊರಚಾಚಿ ಕೈ ಗೀರುತ್ತದೆ. ಮಳೆಗಾಲದಲ್ಲಿ ಮತ್ತೆ ಉಬ್ಬುತ್ತದೆ. ಕತ್ತಿನೊಳಗೆ ತಿರುಗಿಸಿ ಸರಿಪಡಿಸುವ ಉಕ್ಕಿನ ಸರಳು ಇರಲೇಬೇಕು. ಗಿಟಾರನ್ನು ತಗಡಿನ ಸೂರಿನಡಿ, ನಿಲ್ಲಿಸಿದ ಕಾರಿನಲ್ಲಿ ಇಡಬೇಡಿ.

ಹೇಳಿ ಮಾಡಿಸುವುದೇ ಆದರೆ ಎರಡೂ ಕಡೆಯ ತಂತಿಯ ಉದ್ದ, ಬ್ರಿಡ್ಜ್ ಬಳಿ ತಂತಿಗಳ ಅಂತರ, 12ನೇ ಫ್ರೆಟ್ ಮೇಲೆ ತಂತಿಯ ಎತ್ತರ, ಪ್ರತಿ ತಂತಿಯ ಶ್ರುತಿ ಮತ್ತು ದಪ್ಪ ಎಲ್ಲವನ್ನೂ ಬರೆಸಿಕೊಂಡು ಆಮೇಲೆ ಮುಂಗಡ ಕೊಡಿ. ಅದಕ್ಕೂ ಮೊದಲು ದಪ್ಪ ರಟ್ಟಿನಲ್ಲಿ ಕತ್ತನ್ನು ಅಳತೆಗೆ ಸರಿಯಾಗಿ ಕತ್ತರಿಸಿ, ತಂತಿ, ಫ್ರೆಟ್‌ಗಳ ಗೆರೆ ಎಳೆದು, ತೊಡೆಯ ಮೇಲಿಟ್ಟು ಬೆರಳು ಚಾಚಿ ನೋಡಿ. ಮೊದಲ ಫ್ರೆಟ್ ಬಳಿ ಕಿರುಬೆರಳು ನಾಲ್ಕನೇ ಮನೆಗೆ ಎಟಕದಿದ್ದರೆ ಉದ್ದ ಕಡಿಮೆ ಮಾಡಿಸಿ.